ಹೋಬಳಿ ಅಂಗಳದಿಂದ ಕಾಲೇಜು ಹಾಸ್ಟೆಲಿಗೆ

ಶಾಲೆ ತೆರೆದು ಎರಡು ತಿಂಗಳು ಕಳೆಯುವಷ್ಟರಲ್ಲಿ ಮಂಡ್ಯ ಜಿಲ್ಲೆಯ ಹೈಸ್ಕೂಲು ಮೈದಾನಗಳಲ್ಲಿ ಸುಣ್ಣದ ಗೆರೆಗಳು ಏಳುತ್ತವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ, ಪಾಂಡವಪುರದ ಮೇಲುಕೋಟೆ, ಕೆ.ಆರ್. ಪೇಟೆಯ ಕಿಕ್ಕೇರಿ, ನಾಗಮಂಗಲದ ಬಿಂಡಿಗನವಿಲೆ, ಹೋಬಳಿ ಯಾವುದಾದರೂ ಚಿತ್ರ ಹೆಚ್ಚು ಕಡಿಮೆ ಒಂದೇ. ಒಂದು ಮೂಲೆಯಲ್ಲಿ ಕಬಡ್ಡಿ, ಇನ್ನೊಂದು ಮೂಲೆಯಲ್ಲಿ ಖೋ ಖೋ, ನಡುವೆ ವಾಲಿಬಾಲ್ ನೆಟ್ಟು, ಸುತ್ತ ಓಟದ ಪಟ್ಟೆಗಳು. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ಮೈಸೂರು ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ. ರಾಜ್ಯ ತಂಡಕ್ಕೆ ಆಯ್ಕೆಯಾದರೆ 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ರಾಷ್ಟ್ರೀಯ ಕೂಟ.

ನೋಡುವವರಿಗೆ ಅದು ಮಕ್ಕಳ ಹಬ್ಬ. ಆದರೆ ಆ ಗೆರೆಯೊಳಗೆ ನಿಂತ ಒಂಬತ್ತನೇ ಕ್ಲಾಸಿನ ಹುಡುಗಿಗೆ ಅದು ಮೂರು ವರ್ಷದ ಮೇಲೆ ಸಿಗಬಹುದಾದ ಕಾಲೇಜು ಸೀಟಿನ ಮೊದಲ ಮೆಟ್ಟಿಲು. ಶುಲ್ಕವಿಲ್ಲದ ಓದು, ಹಾಸ್ಟೆಲ್ಲಿನಲ್ಲಿ ಊಟ ವಸತಿ, ಮುಂದೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಒಂದು ನೌಕರಿ ಎಂಬ ದಾರಿ ಇಲ್ಲಿಂದಲೇ ಶುರುವಾಗುತ್ತದೆ. ಈ ದಾರಿ ಇದೆ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಅದರ ತಿರುವುಗಳು ಗೊತ್ತಿಲ್ಲ.

ಅಮೆರಿಕದಲ್ಲಿ ಇದೇ ದಾರಿಗೆ ದೊಡ್ಡ ಏರ್ಪಾಡಿದೆ. ಅಲ್ಲಿ ಫುಟ್ಬಾಲ್ ಆಡುವ ಮಕ್ಕಳನ್ನು ಕಾಲೇಜಿಗೆ ಸಿದ್ಧಪಡಿಸುವ ಕೆಲಸವನ್ನು ಶಾಲೆಗಿಂತ ಹೆಚ್ಚಾಗಿ ಖಾಸಗಿ ಕ್ಲಬ್ಬುಗಳು ಮಾಡುತ್ತವೆ. ಹೆಣ್ಣುಮಕ್ಕಳ ಕ್ಲಬ್ಬುಗಳಿಗಾಗಿ 2009ರಲ್ಲಿ ಶುರುವಾದ ಇಸಿಎನ್‌ಎಲ್, ಗಂಡುಮಕ್ಕಳಿಗಾಗಿ 2020ರಲ್ಲಿ ಬಂದ ಎಂಎಲ್‌ಎಸ್ ನೆಕ್ಸ್ಟ್ ಮುಂತಾದ ಲೀಗುಗಳಲ್ಲಿ ಈ ಕ್ಲಬ್ಬುಗಳು ವರ್ಷವಿಡೀ ಆಡುತ್ತವೆ. ಕಾಲೇಜು ಕೋಚುಗಳು ಬಂದು ನೋಡಲೆಂದೇ ‘ಶೋಕೇಸ್’ ಎಂಬ ಟೂರ್ನಿಗಳು ನಡೆಯುತ್ತವೆ. ಮೇಲ್ದರ್ಜೆಯ ಕಾಲೇಜುಗಳ ಕೋಚುಗಳು ಒಬ್ಬ ಆಟಗಾರನ ಜೊತೆ ನೇರವಾಗಿ ಮಾತುಕತೆ ಆರಂಭಿಸಲು ದಿನವೂ ಗೊತ್ತಾಗಿದೆ: ಹತ್ತನೇ ತರಗತಿ ಮುಗಿದ ಬಳಿಕದ ಜೂನ್ 15. ಹುಡುಗ ಆಡಿದ ಪಂದ್ಯಗಳ ವಿಡಿಯೊ, ಅಂಕಪಟ್ಟಿ, ಕೋಚಿನ ಶಿಫಾರಸು ಎಲ್ಲವನ್ನೂ ಕ್ಲಬ್ಬೇ ಜೋಡಿಸಿಕೊಡುತ್ತದೆ. ಇದಕ್ಕಾಗಿ ತಂದೆತಾಯಿ ವರ್ಷಕ್ಕೆ ಸಾವಿರಾರು ಡಾಲರ್ ತೆರುತ್ತಾರೆ. ಹಣವಿಲ್ಲದ ಮನೆಯ ಮಗು ಹೊರಗೇ ಉಳಿಯುತ್ತದೆ ಎಂಬುದು ಅಲ್ಲಿನವರೇ ದಶಕಗಳಿಂದ ಹೇಳುತ್ತ ಬಂದ ದೂರು.

ಆ ಕ್ಲಬ್ಬು ಮಾಡುವುದು ನಾಲ್ಕು ಕೆಲಸ. ತರಬೇತಿ ಕೊಡುವುದು, ಸಾಕಷ್ಟು ಪಂದ್ಯ ಆಡಿಸುವುದು, ಆರಿಸುವವರ ಕಣ್ಣಿಗೆ ಬೀಳಿಸುವುದು, ಕಾಗದಪತ್ರ ಸರಿಪಡಿಸುವುದು. ಮೊದಲೇ ಹೆಸರಿಸಿದ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ನಾಲ್ಕನ್ನೂ ಹೊತ್ತವರು ಒಬ್ಬರೇ: ಹೈಸ್ಕೂಲಿನ ಪಿ.ಟಿ. ಮೇಷ್ಟ್ರು.

ಅವರ ದಿನ ಪ್ರಾರ್ಥನೆಗೆ ಮೊದಲೇ ಶುರುವಾಗುತ್ತದೆ. ಸಾಲು ನಿಲ್ಲಿಸಬೇಕು, ಡ್ರಿಲ್ ಮಾಡಿಸಬೇಕು, ಯಾರೋ ರಜೆ ಹಾಕಿದರೆ ಆ ಕ್ಲಾಸಿಗೂ ಹೋಗಿ ಕೂರಬೇಕು, ಸ್ವಾತಂತ್ರ್ಯ ದಿನಾಚರಣೆಯ ಪಥಸಂಚಲನಕ್ಕೆ ಮಕ್ಕಳನ್ನು ತಯಾರು ಮಾಡಬೇಕು. ಆಟ ಕಲಿಸಲು ಉಳಿಯುವುದು ಸಂಜೆ ಶಾಲೆ ಬಿಟ್ಟ ಮೇಲಿನ ಒಂದು ಗಂಟೆ. ಅದೂ ಮಕ್ಕಳ ಊರಿಗೆ ಹೋಗುವ ಕೊನೆಯ ಬಸ್ಸು ಬರುವ ತನಕ. ಕೂಟ ಬಂತೆಂದರೆ ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಹೋಗಿ, ಊಟ ಮಾಡಿಸಿ, ಕತ್ತಲಾಗುವುದರೊಳಗೆ ಮನೆ ಸೇರಿಸುವ ಹೊಣೆಯೂ ಅವರದೇ. ಜನ್ಮದಿನಾಂಕದ ದೃಢೀಕರಣ, ಮುಖ್ಯೋಪಾಧ್ಯಾಯರ ಸಹಿ, ಫೋಟೊ ಅಂಟಿಸಿದ ಅರ್ಹತಾ ಪತ್ರ ಇವುಗಳಲ್ಲಿ ಒಂದೇ ಒಂದು ತಪ್ಪಿದರೂ ಮಗು ಅಂಗಳದ ಹೊರಗೆ. ತಮ್ಮ ಸ್ಥಾನಮಾನದ ಬಗ್ಗೆ ಪ್ರೊ. ಎಲ್.ಆರ್. ವೈದ್ಯನಾಥನ್ ಕೊಟ್ಟ ವರದಿ ಜಾರಿಯಾಗಲಿ ಎಂದು ದೈಹಿಕ ಶಿಕ್ಷಣ ಶಿಕ್ಷಕರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅದು ಅವರ ಸಂಬಳ, ಬಡ್ತಿಯ ವಿಷಯವೆಂದು ಉಳಿದವರು ಪಕ್ಕಕ್ಕಿಡುವುದು ಸರಿಯಲ್ಲ. ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ ಇರುವ ಶಾಲೆಯ ಮಗುವಿಗೆ ತರಬೇತಿಯೂ ಇಲ್ಲ, ಪಂದ್ಯವೂ ಇಲ್ಲ, ನೋಡುವವರೂ ಇಲ್ಲ, ಕಾಗದವೂ ಇಲ್ಲ.

ಹಾಗಾದರೆ ಮಗು ಮೇಲೇರುವ ಬಾಗಿಲುಗಳು ಯಾವುವು? ಮುಖ್ಯವಾದದ್ದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯ. ಕಿರಿಯರ ವಿಭಾಗಕ್ಕೆ ಎಂಟನೇ ತರಗತಿಯ ಹೊತ್ತಿಗೆ, ಹಿರಿಯರ ವಿಭಾಗಕ್ಕೆ ಪ್ರಥಮ ಪಿಯುಸಿಯ ಹೊತ್ತಿಗೆ ಆಯ್ಕೆ ನಡೆಯುತ್ತದೆ. ಶಾಲೆಯ ವರ್ಷ ಮುಗಿಯುವ ಮೊದಲೇ ಪ್ರಕಟಣೆ ಹೊರಡುತ್ತದೆ. ಪತ್ರಿಕೆಯ ಒಳಪುಟದ ಸಣ್ಣ ಸುದ್ದಿಯಾಗಿ ಬರುವ ಅದನ್ನು ಗಮನಿಸದಿದ್ದರೆ ಒಂದು ವರ್ಷ ಹೋದಂತೆಯೇ. ಆಯ್ಕೆಯಲ್ಲಿ ಎತ್ತರ, ತೂಕ ಅಳೆಯುತ್ತಾರೆ, ಓಡಿಸುತ್ತಾರೆ, ನೆಗೆಸುತ್ತಾರೆ, ಆಮೇಲೆ ಆಟದ ಕೌಶಲ ನೋಡುತ್ತಾರೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಎತ್ತರ ಬೆಳೆಯದ ಮಗು ಇಲ್ಲಿ ಉಳಿದುಬಿಡುತ್ತದೆ. ಅದೇ ಮಗು ಎರಡು ವರ್ಷದ ಮೇಲೆ ಬೆಳೆದು ನಿಂತಾಗ ಮತ್ತೆ ಕರೆತರುವವರು ಬೇಕು. ಪಿಯುಸಿಯ ಬಾಗಿಲು ಇರುವುದು ಅಂಥವರಿಗಾಗಿಯೇ.

ಬೆಳವಣಿಗೆ ಎಂದ ಮೇಲೆ ಊಟದ ಮಾತು ಬಿಡುವ ಹಾಗಿಲ್ಲ. 2013ರಿಂದ ಕ್ಷೀರಭಾಗ್ಯದ ಹಾಲು ಶಾಲೆಗೆ ಬರುತ್ತಿದೆ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನೊಂದಿಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಗಿದೆ. ಸಂಜೆ ಒಂದು ಗಂಟೆ ಕಬಡ್ಡಿ ಆಡಿ ಮೂರು ಕಿಲೋಮೀಟರ್ ನಡೆದು ಮನೆ ಸೇರುವ ಮಗುವಿಗೆ ಆ ಒಂದು ಮೊಟ್ಟೆಯ ಬೆಲೆ ಏನೆಂದು ಮೈದಾನದಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತು.

ಕಬಡ್ಡಿಯಲ್ಲಿ ತೂಕದ್ದೇ ಇನ್ನೊಂದು ಕಥೆ. ಹದಿನಾರರೊಳಗಿನ ಸಬ್‌ಜೂನಿಯರ್ ವಿಭಾಗದಲ್ಲಿ 55 ಕೆ.ಜಿ. ಮೀರುವಂತಿಲ್ಲ. ಮೀರಿದರೆ ತನಗಿಂತ ಮೂರು ನಾಲ್ಕು ವರ್ಷ ದೊಡ್ಡವರ ಜೊತೆ ಸೆಣಸಬೇಕು. ಆಯ್ಕೆಯ ಹಿಂದಿನ ದಿನ ಊಟ ಬಿಟ್ಟು, ನೀರು ಬಿಟ್ಟು ತೂಕ ಇಳಿಸುವ ಚಾಳಿ ಮಕ್ಕಳಲ್ಲಿ ಬೆಳೆಯುವುದು ಹೀಗೆ. ಬೆಳೆಯುವ ದೇಹವನ್ನು ಹಾಗೆ ದಂಡಿಸುವುದನ್ನು ಯಾವ ಕೋಚೂ ಒಪ್ಪಬಾರದು.

ಮಣ್ಣಿನಿಂದ ಮ್ಯಾಟಿಗೆ ಹೋಗುವ ಕಷ್ಟವನ್ನು ಹತ್ತಿರದಿಂದ ನೋಡಬೇಕು. ಹಳ್ಳಿಯ ಹುಡುಗ ಬರಿಗಾಲಲ್ಲಿ, ಹೆಜ್ಜೆ ಅಳತೆಯಲ್ಲಿ ಎಳೆದ ಅಂಗಳದಲ್ಲಿ ಆಡಿ ಕಲಿತವನು. ಮಣ್ಣಿನಲ್ಲಿ ಹಿಮ್ಮಡಿ ಊರಿ ಗಿರಕ್ಕನೆ ತಿರುಗಿದರೆ ಪಾದ ಸ್ವಲ್ಪ ಜಾರುತ್ತದೆ, ಆ ಜಾರಿಕೆಯನ್ನೇ ಬಳಸಿಕೊಂಡು ಅವನು ಹಿಡಿತ ತಪ್ಪಿಸಿಕೊಳ್ಳುತ್ತಾನೆ. ಮ್ಯಾಟಿನ ಮೇಲೆ ಶೂ ಕಚ್ಚಿಕೊಳ್ಳುತ್ತದೆ. ಅದೇ ತಿರುವು ತಿರುಗಿದರೆ ಪಾದ ನಿಂತಲ್ಲೇ ನಿಂತು ಮಂಡಿ ತಿರುಚುತ್ತದೆ. ಹಿಡಿಯುವವನದೂ ಅಷ್ಟೆ. ಮೊಣಕೈ ಕಿತ್ತುಹೋಗುವ ನೆಲದಲ್ಲಿ ಕಲಿತವನು ರೈಡರನ ಕಾಲಿಗೆ ಉದ್ದಕ್ಕೆ ಹಾರಲು ಹಿಂಜರಿಯುತ್ತಾನೆ. ಮ್ಯಾಟಿನಲ್ಲಿ ಬೆಳೆದ ಕಾರ್ನರ್ ಆಟಗಾರ ಯೋಚಿಸದೆ ಹಾರುತ್ತಾನೆ. ಪುರುಷರ ಅಂಗಳ 13 ಮೀಟರ್ ಉದ್ದ 10 ಮೀಟರ್ ಅಗಲ, ನಡುಗೆರೆಯಿಂದ ಬಾಕ್ ಲೈನ್ 3.75 ಮೀಟರ್, ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ಈ ಅಳತೆ ಕಾಲಿಗೆ ಅಭ್ಯಾಸವಾಗಿರಬೇಕು, ಕಣ್ಣಿನಿಂದ ನೋಡಿ ಆಡುವಷ್ಟು ಹೊತ್ತು ಮೂವತ್ತು ಸೆಕೆಂಡಿನ ರೈಡಿನಲ್ಲಿ ಸಿಗುವುದಿಲ್ಲ. ತಾಲ್ಲೂಕಿನಲ್ಲಿ ಎಲ್ಲರನ್ನೂ ಬಗ್ಗುಬಡಿದ ತಂಡ ಮೇಲಿನ ಹಂತದಲ್ಲಿ ಮೊದಲ ಪಂದ್ಯಕ್ಕೇ ಸೋತು ಬಂದಾಗ ‘ಹುಡುಗರು ಹೆದರಿದರು’ ಎನ್ನುವುದು ಸುಲಭ. ಅವರಿಗೆ ಅಂಥ ನೆಲವೇ ಹೊಸದಾಗಿತ್ತು.

ಶಾಲೆಯ ಹೊರಗೂ ಈ ಸೀಮೆಯಲ್ಲಿ ಕಬಡ್ಡಿಗೆ ಒಂದು ಜಗತ್ತಿದೆ. ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವದ ನೆಪದಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಯ ಬ್ಯಾನರು ಬೀಳದ ಊರು ಕಡಿಮೆ. ಯುವಕ ಸಂಘದವರು ದಾನಿಗಳನ್ನು ಹಿಡಿದು ನಗದು ಬಹುಮಾನ, ಆಳೆತ್ತರದ ಟ್ರೋಫಿ ಹೊಂದಿಸುತ್ತಾರೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ, ಅದರಲ್ಲೂ 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದ ಮೇಲೆ, ಹುಡುಗರ ಹುರುಪು ಇಮ್ಮಡಿಯಾಯಿತು. ಊರಿನ ಈ ಪಂದ್ಯಾವಳಿಗಳಲ್ಲಿ ಹದಿನಾರರ ಹುಡುಗ ಅನುಭವಿ ಆಟಗಾರರ ಎದುರು ನಿಂತು ಒಂದೇ ರಾತ್ರಿಯಲ್ಲಿ ಕಲಿಯುವುದು ದೊಡ್ಡದು. ತೊಡಕು ಎರಡು. ಗಾಯವಾದರೆ ನೋಡಿಕೊಳ್ಳುವವರಿಲ್ಲ. ಅಲ್ಲಿನ ಟ್ರೋಫಿ ಕಾಲೇಜಿನ ಅರ್ಜಿಗೆ ಪ್ರಮಾಣಪತ್ರವಾಗುವುದಿಲ್ಲ.

ಪ್ರಮಾಣಪತ್ರದ ವಿಚಾರ ಒಣ ವಿಚಾರ. ಆದರೂ ಇಲ್ಲಿ ಕಳೆದುಕೊಳ್ಳುವಷ್ಟು ಅವಕಾಶವನ್ನು ಮಕ್ಕಳು ಮೈದಾನದಲ್ಲೂ ಕಳೆದುಕೊಳ್ಳುವುದಿಲ್ಲ. ಕೇಂದ್ರ ಸರ್ಕಾರದ ನೌಕರಿಗಳ ಕ್ರೀಡಾ ಕೋಟಾದಲ್ಲಿ ಸಾಧನೆಯನ್ನು ನಮೂನೆಗಳಾಗಿ ವಿಂಗಡಿಸಿದ್ದಾರೆ. ದೇಶಕ್ಕೆ ಆಡಿದವರಿಗೆ ನಮೂನೆ 1, ರಾಜ್ಯ ತಂಡದಲ್ಲಿ ರಾಷ್ಟ್ರೀಯ ಸ್ಪರ್ಧೆ ಆಡಿದವರಿಗೆ 2, ವಿಶ್ವವಿದ್ಯಾಲಯದ ಪರ ಆಡಿದವರಿಗೆ 3, ರಾಷ್ಟ್ರೀಯ ಶಾಲಾ ಕೂಟದಲ್ಲಿ ಆಡಿದವರಿಗೆ 4. ಎರಡನೆಯದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ, ಮೂರನೆಯದಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ಅಧಿಕಾರಿ, ನಾಲ್ಕನೆಯದಕ್ಕೆ ಶಿಕ್ಷಣ ಇಲಾಖೆಯಲ್ಲಿ ಶಾಲಾ ಕ್ರೀಡೆಯ ಹೊಣೆ ಹೊತ್ತ ಅಧಿಕಾರಿ ಸಹಿ ಹಾಕಬೇಕು. ಎಂಜಿನಿಯರಿಂಗಿನಂಥ ವೃತ್ತಿಪರ ಕೋರ್ಸುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲೂ ಕ್ರೀಡಾ ವಿಭಾಗ ಬೇರೆಯೇ ಇದೆ. ಅರ್ಜಿ ತುಂಬುವಾಗಲೇ ಅದನ್ನು ಗುರುತು ಮಾಡಬೇಕು, ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ಒಡ್ಡಬೇಕು. ಆಡಿದ ಮಟ್ಟ ಮೇಲಿನದಾದಷ್ಟೂ ಪಟ್ಟಿಯಲ್ಲಿ ಹೆಸರು ಮೇಲೆ.

ಆದ್ದರಿಂದ ಶಾಲೆಯ ಏಣಿಯ ಜೊತೆಗೆ ಆಯಾ ಆಟದ ರಾಜ್ಯ ಸಂಸ್ಥೆಯ ಏಣಿಯನ್ನೂ ಹತ್ತಬೇಕು. ಜಿಲ್ಲಾ ಕಬಡ್ಡಿ ಸಂಸ್ಥೆ ಸಬ್‌ಜೂನಿಯರ್ ಆಯ್ಕೆ ಯಾವಾಗ ಇಟ್ಟಿದೆ, ಖೋ ಖೋ ಸಂಸ್ಥೆಯ ರಾಜ್ಯ ಚಾಂಪಿಯನ್‌ಷಿಪ್ ಎಲ್ಲಿ ಎಂಬ ಸುದ್ದಿ ನಾಗಮಂಗಲದ ಮೂಲೆಯ ಹಳ್ಳಿಗೆ ಮುಟ್ಟುವುದು ಸಾಮಾನ್ಯವಾಗಿ ಯಾರೋ ಒಬ್ಬ ಹಳೇ ಆಟಗಾರನ ವಾಟ್ಸ್ಆಪ್ ಗುಂಪಿನಿಂದ. ಆ ಗುಂಪಿನಲ್ಲಿ ಇರುವವರು ಹೋಗುತ್ತಾರೆ, ಇಲ್ಲದವರು ಮನೆಯಲ್ಲಿ ಉಳಿಯುತ್ತಾರೆ.

ಇನ್ನು ಕಾಲೇಜುಗಳ ಕಡೆಯಿಂದ ನೋಡೋಣ. ಅವುಗಳಿಗೆ ಆಟಗಾರರು ಬೇಕೇ ಬೇಕು. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ನಡೆಸುವ ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಗೆದ್ದರೆ ಕಾಲೇಜಿನ ಹೆಸರು ಏಳುತ್ತದೆ. 2020ರಲ್ಲಿ ಭುವನೇಶ್ವರದಲ್ಲಿ ಮೊದಲ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದ ಮೇಲೆ ಪೈಪೋಟಿ ಇನ್ನೂ ಬಿರುಸಾಗಿದೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಎರಡನೇ ಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯವೇ 20 ಚಿನ್ನದೊಂದಿಗೆ ಅಗ್ರಸ್ಥಾನ ಪಡೆಯಿತು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನವಂತೂ ದಶಕಗಳಿಂದ ಕ್ರೀಡಾ ದತ್ತು ಯೋಜನೆ ನಡೆಸಿಕೊಂಡು ಬಂದಿದೆ. ಡಾ. ಎಂ. ಮೋಹನ ಆಳ್ವರು ಕಟ್ಟಿದ ಈ ವ್ಯವಸ್ಥೆಯಲ್ಲಿ ಆಯ್ಕೆಯಾದ ಮಗುವಿಗೆ ಓದು, ಊಟ, ವಸತಿ, ತರಬೇತಿ ಎಲ್ಲ ಉಚಿತ. ರಾಜ್ಯದ ಮೂಲೆಮೂಲೆಯ ಬಡಮನೆಗಳ ಓಟಗಾರರು, ಕಬಡ್ಡಿ ಆಟಗಾರರು ಅಲ್ಲಿ ಸೇರಿದ್ದಾರೆ.

ಅಂಥ ಕಾಲೇಜಿನ ಕೋಚು ಕೆ.ಆರ್. ಪೇಟೆಯ ಹೋಬಳಿ ಕೂಟಕ್ಕೆ ಬಂದು ಕೂರುವುದಿಲ್ಲ. ಅವರ ಕಣ್ಣಿರುವುದು ರಾಜ್ಯಮಟ್ಟದ ಕೂಟದ ಮೇಲೆ. ಮಗು ವಿಭಾಗ ಮಟ್ಟ ದಾಟಿತೇ ಎಂಬುದು ಹಾಗಾಗಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ತಂಡದ ಆಟದಲ್ಲಿ ಇದು ಇನ್ನೂ ಕಠಿಣ: ಒಳ್ಳೆಯ ಆಟಗಾರ್ತಿಯೊಬ್ಬಳು ದುರ್ಬಲ ತಂಡದಲ್ಲಿದ್ದರೆ ತಂಡದೊಡನೆ ಅವಳೂ ತಾಲ್ಲೂಕಿನಲ್ಲೇ ಹೊರಬೀಳುತ್ತಾಳೆ. ಮೇಲಿನ ಹಂತಕ್ಕೆ ಗೆದ್ದ ಶಾಲೆಯನ್ನಷ್ಟೇ ಕಳಿಸದೆ, ಸೋತ ತಂಡಗಳ ಉತ್ತಮರನ್ನೂ ಸೇರಿಸಿ ತಾಲ್ಲೂಕು ತಂಡ ಕಟ್ಟಿದರೆ ಇಂಥ ನಷ್ಟ ಬಹಳ ತಗ್ಗುತ್ತದೆ. ಇದಕ್ಕೆ ದೊಡ್ಡ ದುಡ್ಡು ಬೇಕಿಲ್ಲ, ಒಂದು ಆದೇಶ ಸಾಕು.

ಊರ ಹತ್ತಿರದ ಕಾಲೇಜಿನಿಂದಲೂ ಮೇಲೇರಬಹುದು. ಪದವಿ ಕಾಲೇಜಿನ ಹುಡುಗ ವಿಶ್ವವಿದ್ಯಾಲಯದ ತಂಡ ಸೇರಿ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಕೂಟ ಆಡಿದರೆ ಅವನ ಲೆಕ್ಕವೇ ಬದಲಾಗುತ್ತದೆ. ಮೊದಲು ಈ ತಾಲ್ಲೂಕುಗಳ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ನಾಲ್ಕು ಜಿಲ್ಲೆಯ ಆಟಗಾರರ ಜೊತೆ ಸೆಣಸಿ ತಂಡ ಸೇರಬೇಕಿತ್ತು. ಮಂಡ್ಯ ವಿಶ್ವವಿದ್ಯಾಲಯ ಬಂದ ಮೇಲೆ ಜಿಲ್ಲೆಗೇ ಒಂದು ತಂಡವಾಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಒಲವು ತೋರಿದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮಂಡ್ಯದ ಹೆಸರೂ ಇತ್ತು. ಕಟ್ಟಡ, ಸಿಬ್ಬಂದಿ, ಅನುದಾನದ ಲೆಕ್ಕ ಹಾಕುವಾಗ ವಿಶ್ವವಿದ್ಯಾಲಯದ ಜರ್ಸಿ ತೊಟ್ಟು ಆಡುವ ಮಕ್ಕಳ ಲೆಕ್ಕವನ್ನೂ ಹಾಕಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 2018ರಲ್ಲಿ ಸ್ಥಾಪನೆಯಾದ ಆದಿಚುಂಚನಗಿರಿ ವಿಶ್ವವಿದ್ಯಾಲಯವೂ ಇದೆ. ಸುತ್ತಲಿನ ಹಳ್ಳಿಯ ಆಟಗಾರರನ್ನು ಆಳ್ವಾಸ್ ಮಾದರಿಯಲ್ಲಿ ದತ್ತು ಪಡೆಯಲು ಅದಕ್ಕಿಂತ ಹತ್ತಿರದ ಸಂಸ್ಥೆ ಈ ಭಾಗದಲ್ಲಿ ಇನ್ನೊಂದಿಲ್ಲ.

ಫುಟ್ಬಾಲ್ ಎಲ್ಲಿ ಹೋಯಿತು ಎಂದು ಕೇಳಬಹುದು. ಕರ್ನಾಟಕ 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ಅದರ ಹಿಂದಿನ ಗೆಲುವು ಅದಕ್ಕೂ 54 ವರ್ಷ ಮೊದಲು, ಮೈಸೂರು ರಾಜ್ಯದ ಹೆಸರಿನಲ್ಲಿ. ಆದರೆ ರಾಜ್ಯದ ಫುಟ್ಬಾಲಿನ ಬೇರು ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳಲ್ಲಿದೆ. ವಯೋಮಿತಿಯ ಲೀಗುಗಳೂ ಹೆಚ್ಚಾಗಿ ಅಲ್ಲೇ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಬಳ್ಳಾರಿ ಸೀಮೆಯ ವಿಜಯನಗರದ ಜೆಎಸ್‌ಡಬ್ಲ್ಯು ಆವರಣದಲ್ಲಿದೆ. ಪಾಂಡವಪುರದ ಹುಡುಗ ವಾರವಾರ ಲೀಗು ಆಡಬೇಕೆಂದರೆ ನೂರಿಪ್ಪತ್ತು ಕಿಲೋಮೀಟರಿಗೂ ದೂರದ ರಾಜಧಾನಿಗೆ ಹೋಗಿಬರಬೇಕು. ಶಾಲಾ ಮೈದಾನದ ಅಳತೆಯೂ ತೊಡಕೇ. ಕಬಡ್ಡಿಗೆ ಸಾಲುವ ಜಾಗದಲ್ಲಿ ಫುಟ್ಬಾಲ್ ಆಡಲಾಗದು. 1960ರಿಂದ ನಡೆಯುತ್ತಿರುವ ಸುಬ್ರೊತೊ ಕಪ್ ಶಾಲೆಗಳಿಗಾಗಿಯೇ ಇರುವ ಟೂರ್ನಿ, ಅದರ ಬಾಗಿಲು ಇಲ್ಲಿನ ಶಾಲೆಗಳಿಗೂ ತೆರೆದಿದೆ. ಆದರೂ ಇವತ್ತಿಗೆ ಈ ನಾಲ್ಕು ತಾಲ್ಲೂಕಿನ ಮಗುವಿಗೆ ಕಾಲೇಜು ಸೀಟು ಕೊಡಿಸಬಲ್ಲ ಆಟಗಳು ಕಬಡ್ಡಿ, ಖೋ ಖೋ, ವಾಲಿಬಾಲ್ ಮತ್ತು ಅಥ್ಲೆಟಿಕ್ಸ್.

ಖೋ ಖೋ ಎಲ್ಲಿಗೆ ಕರೆದೊಯ್ಯಬಲ್ಲದು ಎಂಬುದಕ್ಕೆ ನೆರೆಯ ಟಿ. ನರಸೀಪುರ ತಾಲ್ಲೂಕನ್ನೇ ನೋಡಬಹುದು. ಶ್ರೀರಂಗಪಟ್ಟಣ ದಾಟಿದ ಕಾವೇರಿ ಕಪಿಲೆಯನ್ನು ಕೂಡುವುದು ಅಲ್ಲಿ. ಆ ತಾಲ್ಲೂಕಿನ ಕುರುಬೂರು ಗ್ರಾಮದ ಬಿ. ಚೈತ್ರಾ 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳ 78–40ರಿಂದ ಸೋತಿತು, ಚೈತ್ರಾ ಐದು ನಿಮಿಷಕ್ಕೂ ಹೆಚ್ಚು ಕಾಲ ಸಿಕ್ಕಿಬೀಳದೆ ಓಡಿದ್ದರು. ಗೆದ್ದ ಪುರುಷರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿದಾಗ ಇಬ್ಬರೂ ಅದನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿಯ ಜೊತೆಗೆ ಸರ್ಕಾರಿ ಹುದ್ದೆಯನ್ನೂ ಪ್ರಕಟಿಸಿತ್ತು. ಆ ನಿರಾಕರಣೆಯನ್ನು ದುರಾಸೆ ಎನ್ನುವವರು ಹಳ್ಳಿಯ ಆಟಗಾರ್ತಿಯೊಬ್ಬಳು ವಿಶ್ವಕಪ್‌ವರೆಗೆ ಬರಲು ಅವಳ ಮನೆ ತೆತ್ತದ್ದನ್ನು ಲೆಕ್ಕ ಹಾಕಿಲ್ಲ.

ಕಾಲೇಜು ಒಬ್ಬ ಆಟಗಾರ್ತಿಯನ್ನು ಹೇಗೆ ರೂಪಿಸಬಲ್ಲದು ಎಂಬುದಕ್ಕೆ ಮಮತಾ ಪೂಜಾರಿ ಇದ್ದಾರೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ರೈತಾಪಿ ಮನೆಯ ಈ ಹುಡುಗಿ ಶಾಲೆಯಲ್ಲಿ ಬೇರೆ ಬೇರೆ ಆಟಗಳನ್ನಾಡಿದವರು. ಕಬಡ್ಡಿಯಲ್ಲಿ ನೆಲೆ ಕಂಡುಕೊಂಡದ್ದು ಮಂಗಳೂರಿನ ಗೋಕರ್ಣನಾಥೇಶ್ವರ ಕಾಲೇಜಿನ ದಿನಗಳಲ್ಲಿ. ಅಲ್ಲಿಂದ ರೈಲ್ವೆ, ಅಲ್ಲಿಂದ ಭಾರತ ತಂಡ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ ಕಬಡ್ಡಿ ಮೊದಲ ಬಾರಿಗೆ ಸೇರಿದಾಗಲೇ ಚಿನ್ನ, 2012ರಲ್ಲಿ ಪಟ್ನಾದಲ್ಲಿ ನಾಯಕಿಯಾಗಿ ವಿಶ್ವಕಪ್, 2014ರಲ್ಲಿ ಇಂಚಿಯಾನ್‌ನಲ್ಲಿ ಮತ್ತೆ ಚಿನ್ನ, ಅದೇ ವರ್ಷ ಅರ್ಜುನ ಪ್ರಶಸ್ತಿ.

ಮಮತಾ ಅವರ ದಾರಿಯಲ್ಲಿ ಮನೆಯವರು ಹೆಣ್ಣುಮಗಳನ್ನು ಹೈಸ್ಕೂಲಿನ ಆಚೆಗೂ ಆಡಲು ಬಿಟ್ಟರು ಎಂಬುದನ್ನು ಮರೆಯಬಾರದು. ಮಂಡ್ಯ ಸೀಮೆಯಲ್ಲಿ ಹುಡುಗಿಯರ ಆಟ ಎಸ್ಸೆಸ್ಸೆಲ್ಸಿಯ ಬಳಿಕ ನಿಲ್ಲುವುದೇ ಹೆಚ್ಚು. ಹತ್ತನೇ ತರಗತಿಗೆ ಬಂದ ಕೂಡಲೇ ‘ಈ ವರ್ಷ ಆಟ ಬೇಡ, ಓದು’ ಎನ್ನುತ್ತಾರೆ. ಪಿಯುಸಿಗೆ ಹೊಸ ಕಾಲೇಜು, ಅಲ್ಲಿ ಮೈದಾನವೂ ಇಲ್ಲ, ಹೇಳಿಕೊಡುವವರೂ ಇಲ್ಲ. ಸಂಜೆ ಅಭ್ಯಾಸ ಮುಗಿಸಿ ಊರಿಗೆ ಬಸ್ಸು ಸಿಗದು. ಎರಡು ವರ್ಷ ಆಡದೆ ಉಳಿದ ಹುಡುಗಿಯನ್ನು ಯಾವ ಪದವಿ ಕಾಲೇಜೂ ಕ್ರೀಡಾ ಕೋಟಾದಲ್ಲಿ ಕರೆಯುವುದಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ಉಳಿದಿರುವುದು ಸಂಜೆ ಆರೂವರೆಗೆ ತಾಲ್ಲೂಕು ಕೇಂದ್ರದಿಂದ ಹೋಬಳಿಗಳ ಕಡೆ ಹೊರಡುವ ಒಂದು ಬಸ್ಸಿನ ಚಿಂತೆ.

ಒಟ್ಟಿನಲ್ಲಿ ಬೇಕಿರುವುದು ಇಷ್ಟೇ: ತಾಲ್ಲೂಕು ಕ್ರೀಡಾಂಗಣಕ್ಕೆ ಒಂದು ಕಬಡ್ಡಿ ಮ್ಯಾಟು, ಶಾಲೆ ಬಿಟ್ಟವರಿಗೂ ಪಿಯುಸಿ ಮಕ್ಕಳಿಗೂ ಸಂಜೆ ಹೇಳಿಕೊಡುವ ಸಂಬಳದ ತರಬೇತುದಾರರೊಬ್ಬರು, ವಸತಿ ನಿಲಯದ ಆಯ್ಕೆಯಿಂದ ಹಿಡಿದು ಸಂಸ್ಥೆಗಳ ಟ್ರಯಲ್ಸ್‌ವರೆಗೆ ಎಲ್ಲ ದಿನಾಂಕಗಳನ್ನೂ ಪ್ರತಿ ಹೈಸ್ಕೂಲಿನ ನೋಟಿಸ್ ಬೋರ್ಡಿಗೆ ಮುಟ್ಟಿಸುವ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ನಾಲ್ಕೂ ತಾಲ್ಲೂಕಿಗೆ ಇಷ್ಟನ್ನು ಒದಗಿಸಲು ಅಮೆರಿಕದ ಕ್ಲಬ್ಬುಗಳ ಹಣ ಬೇಕಾಗಿಲ್ಲ. ಗ್ರಾಮ ಪಂಚಾಯಿತಿ, ಶಾಸಕರ ನಿಧಿ, ಹೊನಲು ಬೆಳಕಿನ ಪಂದ್ಯಾವಳಿಗೆ ಉದಾರವಾಗಿ ಕೊಡುವ ಊರಿನ ದಾನಿಗಳು ಮನಸ್ಸು ಮಾಡಿದರೆ ಮುಂದಿನ ಜೂನ್‌ನಲ್ಲಿ ಪ್ರಥಮ ಪಿಯುಸಿಗೆ ಸೇರುವ ಮಕ್ಕಳಿಗೇ ಇದು ಸಿಗಬಹುದು.